‘ಸರ್ವರ್ ಡೌನ್’ ಅಂದರೆ ಯಾವ ಪ್ಲಾನ್ ಕಾಯುತ್ತದೆ?

‘ಸರ್ವರ್ ಡೌನ್ ಅದರಿ’ ಎಂಬ ಮಾತಿಗೆ ಕೊಳಕೂರದಲ್ಲಿ ಯಾರಿಗೂ ಅರ್ಥ ಹೇಳಬೇಕಿಲ್ಲ. ಹೊಲದ ಮೇಲೆ ಸಾಲ ಬೇಕೆಂದರೆ ಬ್ಯಾಂಕಿನವರು ಇಸಿ ಕೇಳುತ್ತಾರೆ. ಇಸಿಗೂ ನೋಂದಣಿಗೂ ಕಾವೇರಿ 2.0 ಬೇಕು. 2025ರ ಜನವರಿಯಲ್ಲಿ ಆ ಕಾವೇರಿಯೇ ಕುಂಟಿತು. ಪೊಲೀಸರಿಗೆ ದೂರು ಹೋದ ಮೇಲೆ ಲೆಕ್ಕ ಹೊರಬಿತ್ತು: 62 ಇಮೇಲ್ ಖಾತೆ, 14 ಐಪಿ ವಿಳಾಸ, ಎರಡು ಗಂಟೆಯಲ್ಲಿ 6.2 ಲಕ್ಷ ಸುಳ್ಳು ಕೋರಿಕೆ. ಖೊಟ್ಟಿ ಖಾತೆ ತೆರೆದು, ಇಸಿ ಹುಡುಕುವ ನೆಪದಲ್ಲಿ ಬಾಗಿಲಲ್ಲೇ ಗದ್ದಲ ಹಾಕಿದ್ದರು. ನಿಜವಾಗಿ ಇಸಿ ಬೇಕಾದವರು ಹೊರಗೆ ಉಳಿದರು.

ಸರ್ಕಾರದ ತಾಣಕ್ಕೇ ಹೀಗಾದರೆ, ನಾವು ನಾಲ್ಕು ಜನ ಸ್ವಂತ ದುಡ್ಡು ಹಾಕಿ ನಡೆಸುವ ಸುದ್ದಿ ತಾಣದ ಗತಿಯೇನು? ಅದಕ್ಕೇ ಕ್ಲೌಡ್‌ಫ್ಲೇರ್ ಕಂಪನಿಯ ಪ್ಲಾನ್‌ಗಳನ್ನು ಹೋಲಿಸಿ ನೋಡಿದೆವು. ಇಂಥ ಸೇವೆ ತಾಣದ ಮುಂದೆ ನಿಂತು, ಊರ ಅಗಸಿಯ ಕಾವಲುಗಾರನಂತೆ ಬಂದವರನ್ನು ನೋಡಿ ಒಳಗೆ ಬಿಡುತ್ತದೆ.

ಉಚಿತ ಪ್ಲಾನ್‌ನಲ್ಲೂ ಇಂಥ ಗದ್ದಲದ ದಾಳಿಗೆ ತಡೆ ಇದೆ. ದಾಳಿ ದೊಡ್ಡದಾಯಿತೆಂದು 2017ರಿಂದ ಹೆಚ್ಚು ಬಿಲ್ ಹಾಕುವುದಿಲ್ಲ. ನಾವೇ ಬರೆಯುವ ಕಾವಲು ನಿಯಮ ಉಚಿತದಲ್ಲಿ 5, ಪ್ರೊದಲ್ಲಿ 20, ಬಿಸಿನೆಸ್‌ನಲ್ಲಿ 100. ‘ಇಷ್ಟು ಹೊತ್ತಿನಲ್ಲಿ ಇಷ್ಟೇ ಸಲ ಬರಬೇಕು’ ಎಂಬ ಮಿತಿಯ ನಿಯಮ ಉಚಿತದಲ್ಲಿ ಒಂದೇ, ಅದೂ 10 ಸೆಕೆಂಡಿನ ಲೆಕ್ಕ. ವರ್ಷದ ಹಣ ಒಮ್ಮೆಗೇ ಕಟ್ಟಿದರೆ ಪ್ರೊಗೆ ತಿಂಗಳಿಗೆ 20 ಡಾಲರ್, ಬಿಸಿನೆಸ್‌ಗೆ 200.

ನಮ್ಮ ಹಳ್ಳಿಗೆ ಮುಖ್ಯವಾದ ಮಾತು ಇನ್ನೊಂದಿದೆ. ಉಚಿತ, ಪ್ರೊ ಎರಡೂ ಬಂದವರನ್ನು ಐಪಿ ವಿಳಾಸದಿಂದ ಎಣಿಸುತ್ತವೆ. ಮೊಬೈಲ್ ಕಂಪನಿಗಳು ಒಂದೇ ವಿಳಾಸವನ್ನು ಎಷ್ಟೋ ಫೋನುಗಳಿಗೆ ಹಂಚುವುದುಂಟು. ನಿಯಮ ಬಿಗಿ ಮಾಡಿದರೆ ಕಳ್ಳನ ಜೊತೆ ತೊಗರಿ ದರ ನೋಡಲು ಬಂದ ರೈತನೂ ಹೊರಗೆ ಬೀಳುತ್ತಾನೆ. ಹಂಚಿದ ವಿಳಾಸದ ಹಿಂದಿನವರನ್ನು ಬೇರೆ ಮಾಡಿ ಎಣಿಸುವ ಸೌಲಭ್ಯ ಬಿಸಿನೆಸ್‌ನಿಂದ ಶುರು. ಆ ಹಣ ನಮ್ಮಂಥ ವರದಿಗಾರರ ತಿಂಗಳ ದುಡಿಮೆಯನ್ನೇ ನುಂಗುತ್ತದೆ.

ಹಾಗಾಗಿ ಉಚಿತದಲ್ಲೇ ಇದ್ದೇವೆ. ಆ ಒಂದು ನಿಯಮವನ್ನು ಲಾಗಿನ್ ಪುಟಕ್ಕೆ ಹಾಕಿ, ಓದುವ ಪುಟಗಳನ್ನು ಮುಕ್ತವಾಗಿ ಬಿಟ್ಟಿದ್ದೇವೆ. ಅಪಾಯದಲ್ಲಿರುವ ಸುದ್ದಿ ತಾಣಗಳಿಗೆ ಇದೇ ಕಂಪನಿ 2014ರಿಂದ ‘ಪ್ರಾಜೆಕ್ಟ್ ಗೆಲಿಲಿಯೊ’ ಹೆಸರಲ್ಲಿ ದೊಡ್ಡ ರಕ್ಷಣೆಯನ್ನು ಪುಕ್ಕಟೆ ಕೊಡುತ್ತದೆ. ಗೂಗಲ್‌ನ ‘ಪ್ರಾಜೆಕ್ಟ್ ಶೀಲ್ಡ್’ ಕೂಡ ಸುದ್ದಿ ತಾಣಗಳಿಗೆ ಉಚಿತ. ಅಗತ್ಯ ಬಿದ್ದರೆ ಅರ್ಜಿ ಹಾಕುತ್ತೇವೆ.

ನಿಮ್ಮೂರ ಸೊಸೈಟಿಗೋ ರೈತ ಉತ್ಪಾದಕ ಕಂಪನಿಗೋ ಯಾರಾದರೂ ‘ಸೆಕ್ಯುರಿಟಿ ಪ್ಯಾಕೇಜ್’ ಮಾರಲು ಬಂದರೆ ಮೂರು ಮಾತು ಕೇಳಿರಿ. ಉಚಿತದಲ್ಲಿ ಇಲ್ಲದ್ದು ಇದರಲ್ಲಿ ಏನಿದೆ? ಎಷ್ಟು ನಿಯಮ ಬರೆಯಬಹುದು? ಒಂದೇ ಟವರಿನ ಕೆಳಗಿರುವ ನಮ್ಮ ಜನರನ್ನು ಇದು ಹೇಗೆ ಎಣಿಸುತ್ತದೆ? ಮೂರನೆಯದಕ್ಕೆ ಉತ್ತರ ಬರುವತನಕ ದುಡ್ಡು ಕಟ್ಟಬೇಡಿರಿ.