ಒಂದು ಎರಡಾಗುವ ಲೆಕ್ಕ

ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಮಕ್ಕಳಿಗೆ ಕಬ್ಬು ನಾಟಿ ಹೊಸದಲ್ಲ. ಗಿಣ್ಣಿನಲ್ಲಿ ಕಣ್ಣಿರುವ ತುಂಡನ್ನು ಮಣ್ಣಿಗಿಟ್ಟು ನೀರು ಹಾಯಿಸಿದರೆ, ಕೆಲವೇ ವಾರಗಳಲ್ಲಿ ಮೊಳಕೆ ತಲೆಯೆತ್ತುತ್ತದೆ. ಅಷ್ಟು ಸಣ್ಣ ಕಣ್ಣಿನಿಂದ ಆಳೆತ್ತರದ ಜಲ್ಲೆ ಬರುವುದು ಹೇಗೆ? ಒಂದು ಜೀವಕೋಶ ಎರಡಾಗಿ, ಎರಡು ನಾಲ್ಕಾಗಿ, ಹೀಗೆ ಹೆಚ್ಚುತ್ತಾ ಹೋಗುವುದರಿಂದ.

ಹಾಗಂತ ಕೋಶ ಸುಮ್ಮನೆ ಎರಡು ಹೋಳಾಗುವುದಿಲ್ಲ. ಮೊಮ್ಮಗಳ ಪಿಯುಸಿ ಪುಸ್ತಕ ತಿರುವಿದಾಗ, ಬಿಕಾಂ ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ನನಗೆ ಅದು ನಮ್ಮ ಲೆಕ್ಕದ ಕೆಲಸದ ಹಾಗೇ ಕಂಡಿತು. ಅದಕ್ಕೆ ನಾಲ್ಕು ಹಂತ.

ಮೊದಲನೆಯದು ಜಿ1. ಕೋಶ ಬೆಳೆಯುತ್ತದೆ, ಎರಡಾಗಬೇಕೇ ಬೇಡವೇ ಎಂಬುದು ಇಲ್ಲಿ ತೀರ್ಮಾನವಾಗುತ್ತದೆ. ಬೇಡವಾದರೆ ಕೋಶ ಅಲ್ಲೇ ನಿಲ್ಲುತ್ತದೆ. ನಮ್ಮ ಮೆದುಳಿನ ನರಕೋಶಗಳಲ್ಲಿ ಬಹುಪಾಲು ಹೀಗೆ ನಿಂತವೇ. ಎರಡನೆಯದು ಎಸ್. ಡಿಎನ್‌ಎ ಎಂಬ ಲೆಡ್ಜರನ್ನು ಪೂರ್ತಿಯಾಗಿ ನಕಲು ಮಾಡುವ ಹಂತ. ಮೂರನೆಯದು ಜಿ2. ನಕಲು ಸರಿಯಿದೆಯೇ ಎಂದು ತಾಳೆ ನೋಡಿ, ತಪ್ಪಿದ್ದರೆ ತಿದ್ದುವ ಸಮಯ. ಕೊನೆಯದು ಎಂ. ವರ್ಣತಂತುಗಳು ನಡುವೆ ಸಾಲಾಗಿ ನಿಲ್ಲುತ್ತವೆ; ಸಣ್ಣ ಎಳೆಗಳು ಅವನ್ನು ಎರಡು ಕಡೆಗೆ ಎಳೆಯುತ್ತವೆ; ಕೋಶ ಎರಡಾಗುತ್ತದೆ. ಮನುಷ್ಯನದಾದರೆ ಒಂದೊಂದು ಪಾಲಿಗೂ 46 ವರ್ಣತಂತು.

ಬೇಗ ಹೆಚ್ಚುವ ಮನುಷ್ಯನ ಕೋಶಕ್ಕೆ ಈ ಸುತ್ತು ಸುಮಾರು 24 ಗಂಟೆ: ಜಿ1ಕ್ಕೆ 11, ಎಸ್‌ಗೆ 8, ಜಿ2ಕ್ಕೆ 4, ಎಂಗೆ 1. ನೋಡಿ, ಭಾಗವಾಗಲು ಒಂದೇ ಗಂಟೆ, ಮಿಕ್ಕದ್ದೆಲ್ಲ ಸಿದ್ಧತೆ. ನಮ್ಮ ಕಾಲದಲ್ಲಿ ದಿನದ ಲೆಕ್ಕ ತಾಳೆಯಾಗದೆ ಮನೆಗೆ ಹೋಗುವಂತಿರಲಿಲ್ಲ. ಕೋಶದಲ್ಲೂ ಹಂತದಿಂದ ಹಂತಕ್ಕೆ ಕಾವಲಿದೆ. ಈ ಸುತ್ತನ್ನು ನಡೆಸುವ ಅಂಶಗಳನ್ನು ಪತ್ತೆಹಚ್ಚಿದ ಹಾರ್ಟ್‌ವೆಲ್, ಹಂಟ್ ಮತ್ತು ನರ್ಸ್ ಅವರಿಗೆ 2001ರಲ್ಲಿ ನೊಬೆಲ್ ಬಂತು.

ಕಾವಲು ಕೆಟ್ಟರೆ, ತಾಳೆಯಾಗದ ಕೋಶವೂ ಎರಡಾಗುತ್ತಲೇ ಹೋಗಬಹುದು. ಕ್ಯಾನ್ಸರ್ ಹುಟ್ಟುವುದು ಹೀಗೆ. ನಮ್ಮ ಮನೆಯಾಕೆಗೆ ಅದು ಬಂದಾಗ, ಆಗಿನ್ನೂ ಮೂರನೇ ತರಗತಿಯಲ್ಲಿದ್ದ ಮೊಮ್ಮಗಳು, "ತಾತ, ಅಜ್ಜಿ ಕೂದಲು ಯಾಕೆ ಉದುರಿತು?" ಎಂದು ಕೇಳಿದ್ದಳು. ಉತ್ತರ ಈ ಹಂತಗಳಲ್ಲೇ ಇದೆ. ಅಂಗಳದಲ್ಲಿ ಬೆಳೆಯುವ ನಿತ್ಯಪುಷ್ಪದಿಂದ ವಿನ್‌ಕ್ರಿಸ್ಟಿನ್ ಎಂಬ ಮದ್ದು ಸಿಗುತ್ತದೆ. (ಗಿಡವನ್ನು ಹಾಗೇ ತಿಂದರೆ ವಿಷ, ಮಕ್ಕಳೇ!) ಅದು ಎಂ ಹಂತದ ಎಳೆಗಳು ಕಟ್ಟಿಕೊಳ್ಳದಂತೆ ತಡೆಯುತ್ತದೆ. ಎಸ್ ಹಂತದ ನಕಲನ್ನು ತಡೆಯುವ ಮದ್ದುಗಳೂ ಇವೆ. ಇವು ಬೇಗ ಬೇಗ ಎರಡಾಗುವ ಕೋಶಗಳನ್ನು ಹಿಡಿಯುತ್ತವೆ. ಕೂದಲ ಬುಡದ ಒಳ್ಳೆಯ ಕೋಶಗಳೂ ಅಂಥವೇ ಆದ್ದರಿಂದ ಅವಕ್ಕೂ ಏಟು ಬೀಳುತ್ತದೆ.

ಚಿಕಿತ್ಸೆ ಮುಗಿದ ಮೇಲೆ ಆ ಕೋಶಗಳು ತಮ್ಮ ಸುತ್ತು ಮತ್ತೆ ಶುರುಮಾಡಿದವು. ಈಗ ಅಜ್ಜಿಗೆ ಜಡೆ ಹಾಕುವಷ್ಟು ಕೂದಲಿದೆ. ಹಾಕುವವಳು ಮೊಮ್ಮಗಳೇ.