ಹಳೇ ಸೀರೆಯ ಕೌದಿ

ಹಳೇ ಸೀರೆಗಳ ವಿಷಯದಲ್ಲಿ ನಾವು ಹೆಂಗಸರು ಬಲು ಲೆಕ್ಕಾಚಾರದವರು. ಉಟ್ಟು ಸಾಕಾದದ್ದನ್ನು ಮೊದಲು ತಂಗಿಗೋ ನಾದಿನಿಗೋ ತೋರಿಸುತ್ತೇವೆ. ಅವರು ಮೂಗು ಮುರಿದರೆ ಸ್ಟೀಲು ಪಾತ್ರೆಯವಳ ಮುಂದೆ ಹರಡಿ, ನಾಲ್ಕು ಸೀರೆಗೆ ಒಂದು ಡಬರಿಯೋ ಎರಡೋ ಎಂದು ಅರ್ಧ ಗಂಟೆ ಚೌಕಾಸಿ ಮಾಡುತ್ತೇವೆ. ಅವಳೂ ಬೇಡವೆಂದು ಪಕ್ಕಕ್ಕೆ ತಳ್ಳಿದ್ದು ಉಳಿಯುತ್ತದಲ್ಲ, ಅದನ್ನು ಗಂಟು ಕಟ್ಟಿ ಅಟ್ಟಕ್ಕೆ ಹಾಕಿ, "ಯಾರಾದರೂ ಬಡವರಿಗೆ ಕೊಟ್ಟರಾಯಿತು" ಅನ್ನುತ್ತೇವೆ. ನನ್ನ ಸಮಾಜಸೇವೆ ಶುರುವಾದದ್ದು ಇಂಥದೊಂದು ಗಂಟಿನಿಂದಲೇ ಎಂದು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ಅದು 2022ರ ಮಾರ್ಗಶಿರ ಮಾಸ. ಹೊಳೆನರಸೀಪುರದಲ್ಲಿ ಹೇಮಾವತಿಯ ಮೇಲಿಂದ ಬರುವ ಚಳಿಗಾಳಿಗೆ ಬಾಗಿಲು ತೆಗೆಯಲೂ ಮನಸ್ಸಾಗದ ದಿನಗಳು. ಅರಕಲಗೂಡಿನ ರಸ್ತೆಯ ಬದಿಯಲ್ಲಿ ಎಂಟೊಂಬತ್ತು ಗುಡಾರಗಳು ಬಿದ್ದಿದ್ದವು. ಗಂಡಸರು ಪ್ಲಾಸ್ಟಿಕ್ ಸಾಮಾನು ಮಾರುತ್ತಿದ್ದರು, ಹೆಂಗಸರು ಮನೆಮನೆಗೆ ಬಂದು ಕೌದಿ ಹೊಲಿದುಕೊಡುತ್ತಿದ್ದರು. ನಮ್ಮ ಬೀದಿಯ ಹನ್ನೆರಡು ಜನ ಹೆಂಗಸರು ಸೇರಿ ದುಡ್ಡು ಹಾಕಿ ಹಾಸನದಿಂದ ಕಂಬಳಿ ತರಿಸಿದೆವು. ಅದರ ಜೊತೆಗೆ ಎಲ್ಲರ ಅಟ್ಟದ ಗಂಟುಗಳೂ ಆಟೋ ಏರಿದವು. ಕೊಡುವಾಗ ಫೋಟೋ ಬೇಡವೆ? ಅದಕ್ಕೂ ಒಬ್ಬ ಹುಡುಗನನ್ನು ಕರೆದುಕೊಂಡು ಹೋಗಿದ್ದೆವು.

ಎಲ್ಲರೂ ಕೈಯೊಡ್ಡಿದರು. ಒಬ್ಬ ಅಜ್ಜಿ ಮಾತ್ರ ಎದ್ದು ಬರಲಿಲ್ಲ. ನಾನೇ ಹೋಗಿ ಕಂಬಳಿ ಮಡಿಲಿಗಿಟ್ಟೆ. ಅವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಹರಕು ಬಟ್ಟೆ ನಮ್ತಾವೂ ಐತೆ ಕಣವ್ವಾ. ಈ ಮಗೀನ ಇಸ್ಕೂಲಿಗೆ ಸೇರ್ಸಿಕೊಡು, ನಿನ್ನ ಹೊಟ್ಟೆ ತಣ್ಣಗಿರ್ಲಿ" ಅಂದಳು. ಅವಳ ಬೆನ್ನ ಹಿಂದೆ ಎಂಟು ವರ್ಷದ ಹುಡುಗಿಯೊಂದು ನಿಂತು ನಮ್ಮ ಆಟೋದ ಮೇಲೆ ಬರೆದ ಅಕ್ಷರಗಳನ್ನೇ ನೋಡುತ್ತಿತ್ತು.

"ಆಗಲಿ ಅಜ್ಜಿ, ಸೋಮವಾರ ಬರ್ತೀನಿ" ಅಂದೆ. ಸೋಮವಾರ ಹೋದೆ ಕೂಡ. ಹುಡುಗಿಗೆ ತಲೆ ಬಾಚಿಸಿ ಒಂದು ಶಾಲೆಗೆ ಕರೆದೊಯ್ದರೆ, "ಜನನ ಪ್ರಮಾಣಪತ್ರ ಎಲ್ಲಿ?" ಎಂದರು. ಗುಡಾರದಲ್ಲಿ ಹುಟ್ಟಿದ ಕೂಸಿಗೆ ಎಲ್ಲಿಯ ಪ್ರಮಾಣಪತ್ರ? ವರ್ಷ ದಾಟಿದ ಮೇಲೆ ನೋಂದಾಯಿಸಬೇಕಾದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕಂತೆ. ನಾನು ತಲೆಯಾಡಿಸಿ ವಾಪಸು ಬಂದೆ. ಮಕ್ಕಳ ಶಿಕ್ಷಣ ಹಕ್ಕಿನ 2009ರ ಕಾಯ್ದೆಯಲ್ಲಿ, ವಯಸ್ಸಿನ ದಾಖಲೆ ಇಲ್ಲವೆಂದು ಯಾವ ಮಗುವಿಗೂ ಪ್ರವೇಶ ನಿರಾಕರಿಸಬಾರದೆಂದು ಸ್ಪಷ್ಟವಾಗಿ ಬರೆದಿದೆ. ಆದರೆ ಅದು ಓದು ಬರಹ ಬಲ್ಲ ನನಗೇ ಆಗ ಗೊತ್ತಿರಲಿಲ್ಲ. "ಯಾರನ್ನಾದರೂ ವಿಚಾರಿಸಿ ಹೇಳ್ತೀನಿ" ಎಂದು ಅಜ್ಜಿಗೆ ಹೇಳಿ ಬಂದವಳು, ಚನ್ನರಾಯಪಟ್ಟಣದಲ್ಲಿ ಸೊಸೆಯ ಸೀಮಂತವೆಂದು ಬೀಗರ ಮನೆಗೆ ಹೋಗಿ ಮೈಮರೆತೆ. ತಿರುಗಿ ಬಂದು ನೋಡಿದರೆ ರಸ್ತೆ ಬದಿಯಲ್ಲಿ ಮೂರು ಕಲ್ಲಿನ ಒಲೆಗಳೂ ಬೂದಿಯೂ ಮಾತ್ರ ಉಳಿದಿದ್ದವು. ಆ ಬೂದಿ ನೋಡಿದ ಮೇಲೆ ನಮ್ಮ ಫೋಟೋಗಳನ್ನು ನೋಡಲು ನನಗೆ ಆಗಲಿಲ್ಲ.

ಆ ದಿನಗಳಲ್ಲೇ ಅಮೆರಿಕದ ಸೌತ್ ಡಕೋಟದಲ್ಲಿರುವ ಅಕ್ಕನ ಮಗಳು ಫೋನು ಮಾಡಿದ್ದಳು. "ಚಿಕ್ಕಮ್ಮಾ, ಈ ಚಳಿಗಾಲದಲ್ಲಿ ಲಕೋಟದವರಿಗೆ ಕೋಟು, ಕಂಬಳಿ ಕೂಡಿಸ್ತಿದ್ದೀವಿ" ಅಂದಳು. "ಕಂಬಳೀನ ಲಕೋಟೇಲಿ ಹೇಗೆ ಹಾಕ್ತೀರೇ?" ಎಂದು ನಾನು ಕೇಳಿ, ಅವಳು ಬಿದ್ದು ಬಿದ್ದು ನಕ್ಕಳು. ಲಕೋಟ ಅಂದರೆ ಅಲ್ಲಿಯ ಮೂಲನಿವಾಸಿಗಳ ಒಂದು ಜನಾಂಗವಂತೆ. ಕಾಡೆಮ್ಮೆಯ ಹಿಂಡುಗಳ ಬೆನ್ನು ಹಿಡಿದು ಬಯಲಲ್ಲಿ ಬದುಕಿದವರು. 1868ರಲ್ಲಿ ಸರ್ಕಾರ ಅವರೊಡನೆ ಒಪ್ಪಂದ ಮಾಡಿಕೊಂಡು, ಬ್ಲ್ಯಾಕ್ ಹಿಲ್ಸ್ ಎಂಬ ಗುಡ್ಡಸೀಮೆ ನಿಮ್ಮದೇ ಎಂದಿತು. 1874ರಲ್ಲಿ ಅಲ್ಲಿ ಚಿನ್ನ ಸಿಕ್ಕಿತು, 1877ರಲ್ಲಿ ಗುಡ್ಡ ಕೈಬಿಟ್ಟಿತು. ನೂರು ವರ್ಷ ಕಳೆದು 1980ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು 10 ಕೋಟಿ ಡಾಲರಿಗೂ ಮೀರಿದ ಪರಿಹಾರವನ್ನು ಎತ್ತಿಹಿಡಿದರೆ, ಅಷ್ಟು ಬಡತನದಲ್ಲೂ ಅವರು ಆ ದುಡ್ಡು ಮುಟ್ಟಲಿಲ್ಲವಂತೆ. ಅವರಿಗೆ ಬೇಕಾದದ್ದು ಗುಡ್ಡ. ಇದನ್ನು ಕೇಳುವಾಗ ನನಗೆ ಅಮ್ಮನ ನೆನಪಾಯಿತು. ಗೊರೂರಿನ ಹೇಮಾವತಿ ಅಣೆಕಟ್ಟೆಗೆ ತವರಿನ ಮನೆ ಗದ್ದೆ ಬಿಟ್ಟುಕೊಟ್ಟವಳು ಅವಳು. ಪರಿಹಾರದ ದುಡ್ಡಿನ ಮಾತು ಬಂದಾಗಲೆಲ್ಲ ಎದ್ದು ಒಳಗೆ ಹೋಗಿಬಿಡುತ್ತಿದ್ದಳು.

ಅಕ್ಕನ ಮಗಳು ಇನ್ನೊಂದು ಮಾತು ಹೇಳಿದಳು. ಲಕೋಟ ಹೆಂಗಸರು ಬಟ್ಟೆಯ ತುಂಡುಗಳನ್ನು ಜೋಡಿಸಿ, ನಡುವೆ ದೊಡ್ಡ ನಕ್ಷತ್ರವಿರುವ ಕೌದಿ ಹೊಲಿಯುತ್ತಾರಂತೆ. ಹುಟ್ಟಿಗೆ, ಮದುವೆಗೆ, ಸಾವಿಗೆ ಅದನ್ನೇ ಉಡುಗೊರೆ ಕೊಡುವುದು. ಮನೆಯಲ್ಲಿ ಯಾರಾದರೂ ತೀರಿಕೊಂಡರೆ, ವರ್ಷವಾದ ಮೇಲೆ ಮನೆಯವರೇ ಊರವರನ್ನು ಕರೆದು ಕೈತುಂಬ ಕೊಡುತ್ತಾರಂತೆ. "ಅವರಲ್ಲಿ ಕೂಡಿಟ್ಟವರಿಗಿಂತ ಕೊಟ್ಟವರಿಗೇ ಮರ್ಯಾದೆ ಚಿಕ್ಕಮ್ಮಾ. ನಾವು ಬರೀ ಕೊಡೋಕೆ ಹೋದ್ರೆ ಅವರಿಗೆ ಹೇಗಾಗಬೇಡ!" ಅಂದಳು. ನಾನು ಹೂಂ ಅಂದೆ. ಅರ್ಥವಾದದ್ದು ಆಮೇಲೆ.

2023ರ ಕಾರ್ತಿಕದಲ್ಲಿ ಗುಡಾರಗಳು ಮತ್ತೆ ಬಂದವು. ಹುಡುಗಿಗೆ ಒಂಬತ್ತು ತುಂಬಿತ್ತು. ಅಜ್ಜಿ ನನ್ನನ್ನು ಗುರುತು ಹಿಡಿದಳು, ಒಂದು ಮಾತೂ ಆಡಲಿಲ್ಲ. ಈ ಸಲ ಕಾಯ್ದೆಯ ಪ್ರತಿ ಹಿಡಿದುಕೊಂಡೇ ಶಾಲೆಗೆ ಹೋದೆ. ಬೇರೊಂದು ಶಾಲೆಯ ಮುಖ್ಯೋಪಾಧ್ಯಾಯಿನಿ ಅದನ್ನು ಓದುವ ಮೊದಲೇ, "ವಯಸ್ಸಿಗೆ ತಕ್ಕ ತರಗತಿಗೆ ಹಾಕ್ಕೊಂಡು ಅಕ್ಷರ ಕಲಿಸ್ತೀವಿ, ಕಳಿಸಿ" ಅಂದರು. ಇಷ್ಟಕ್ಕೆ ಒಂದು ವರ್ಷ ಹಾಳು ಮಾಡಿದ್ದೆ ನಾನು.

ಅಜ್ಜಿಗೆ ಸಂಧ್ಯಾ ಸುರಕ್ಷಾ ಪಿಂಚಣಿ ಕೊಡಿಸೋಣವೆಂದು ಹೊರಟರೆ, ಮೊದಲ ಕಾಲಮ್ಮಿನಲ್ಲೇ ವಿಳಾಸ. ಯಾವ ಊರೆಂದು ಬರೆಯುವುದು? ಇಂಥ ಎಷ್ಟೋ ಅಲೆಮಾರಿ ಜನಾಂಗಗಳನ್ನು ಬ್ರಿಟಿಷರು 1871ರ ಕಾಯ್ದೆಯಿಂದ ಹುಟ್ಟುಕಳ್ಳರೆಂದು ಪಟ್ಟಿ ಮಾಡಿದ್ದರು. ಆ ಕಾಯ್ದೆ 1952ರಲ್ಲಿ ರದ್ದಾದರೂ ನಮ್ಮ ಕಣ್ಣಿನ ಅನುಮಾನ ರದ್ದಾಗಿಲ್ಲ. ನಮ್ಮ ಜಿಲ್ಲೆಯದೇ ಬೇಲೂರು ತಾಲ್ಲೂಕಿನ ಅಂಗಡಿಹಳ್ಳಿಯ ಹಕ್ಕಿಪಿಕ್ಕಿಗಳನ್ನು ನೋಡಿ. 1972ರ ವನ್ಯಜೀವಿ ಕಾಯ್ದೆ ಬಂದು ಹಕ್ಕಿ ಹಿಡಿಯುವ ಕಸುಬು ನಿಂತಿತು. ಆಮೇಲೆ ತಲೆಗೂದಲ ಎಣ್ಣೆ ಕಾಸಿ ಹೆಸರಾದರು. ಊರೂರು ಸುತ್ತಿಯೂ ಕಾಲಿಗೊಂದು ನೆಲೆ ಮಾಡಿಕೊಂಡರು. ನಮ್ಮ ಅಜ್ಜಿಗೆ ಆ ನೆಲೆಯೂ ಇಲ್ಲ. ಪಿಂಚಣಿ ಇನ್ನೂ ಕೈಗೆ ಬಂದಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಉಳಿದವರು ಗುಡಾರ ಕಿತ್ತರು. ಮೊಮ್ಮಗಳ ಶಾಲೆ ತಪ್ಪುತ್ತದೆಂದು ಅಜ್ಜಿ ಮಾತ್ರ ಒಂಟಿ ಗುಡಾರದಲ್ಲಿ ಉಳಿದಳು. ಹುಟ್ಟಿದಾಗಿನಿಂದ ಒಂದೂರಲ್ಲಿ ನಿಲ್ಲದವಳು, ಮಗ ಸೊಸೆಯರನ್ನು ಕಳಿಸಿ ಒಬ್ಬಳೇ ನಿಂತಳು. ನಾವು ಸರದಿಯ ಮೇಲೆ ಅಕ್ಕಿ ಬೇಳೆ ಮುಟ್ಟಿಸಿದೆವು, ರಾತ್ರಿ ಒಬ್ಬರಲ್ಲ ಒಬ್ಬರು ಹೋಗಿ ಮಾತಾಡಿಸಿ ಬಂದೆವು. ಫೋಟೋದ ಹುಡುಗನನ್ನು ಮಾತ್ರ ಕರೆಯಲಿಲ್ಲ.

2024ರ ಯುಗಾದಿಯ ಮಾರನೆಯ ದಿನ ಅಜ್ಜಿ ನಮ್ಮ ಮನೆಯ ಮೆಟ್ಟಿಲ ಬಳಿ ನಿಂತಿದ್ದಳು. ಕಂಕುಳಲ್ಲಿ ಒಂದು ಕೌದಿ. "ನಿನ್ನ ಮೊಮ್ಮಗೀಗೆ ವರ್ಷ ತುಂಬ್ತಂತಲ್ಲವ್ವಾ, ಹಾಸು" ಅಂದಳು. ಬಿಡಿಸಿ ನೋಡಿದೆ. ನಾವು ಗಂಟು ಕಟ್ಟಿ ಕೊಟ್ಟ ಸೀರೆಗಳೇ! ಪಕ್ಕದ ಮನೆಯವರ ಹಸಿರು, ನನ್ನ ನಾದಿನಿಯ ನೀಲಿ. ನಟ್ಟನಡುವೆ ಕಂದುಗೆಂಪು ಚೌಕಳಿ, ಅಮ್ಮನ ಸೀರೆ. ಅದು ಯಾವಾಗ ಆ ಗಂಟಿಗೆ ಸೇರಿತ್ತೋ!

ನಿಜ ಹೇಳಬೇಕಲ್ಲ, ನನಗೆ ಮೊದಲು ಬಂದ ಯೋಚನೆ ಇದನ್ನು ಬಿಸಿನೀರಿಗೆ ಹಾಕಿ ಒಗೆಯಬೇಕು ಎಂಬುದು. ಎರಡನೆಯದು ದುಡ್ಡು. ಒಳಗೆ ಹೋಗಿ ಐನೂರರ ನೋಟು ತಂದೆ. ಅಜ್ಜಿಯ ಮುಖ ಕಪ್ಪಿಟ್ಟಿತು. "ಕೊಡೋದು ನಿಮ್ಗೊಬ್ರಿಗೇ ಬರ್ತದಾ?" ಅಂದಳು.

ನೋಟನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡೆ. "ಒಳಗೆ ಬಾ ಅಜ್ಜಿ, ಒಬ್ಬಟ್ಟು ಉಳಿದಿದೆ" ಎಂದು ಕರೆದೆ. ಅಷ್ಟು ದಿನ ಅವಳ ಗುಡಾರಕ್ಕೆ ಹೋಗಿದ್ದೆನೇ ಹೊರತು ಅವಳನ್ನು ಹೊಸಿಲು ದಾಟಿಸಿ ಕೂರಿಸಿರಲಿಲ್ಲ. ಅವಳು ನಡುಮನೆಯಲ್ಲಿ ಕೂತು, ತಾನೇ ಕೌದಿ ಹಾಸಿ, ಮಗುವನ್ನು ಅದರ ಮೇಲೆ ಬಿಟ್ಟಳು. ಮಗು ಅಮ್ಮನ ಸೀರೆಯ ಚೌಕಳಿಯನ್ನು ಬೆರಳಿನಿಂದ ಕೆರೆಯುತ್ತಾ ಹಾಗೇ ನಿದ್ದೆಹೋಯಿತು. ಕೌದಿಯನ್ನು ನಾನು ಒಗೆಯಲಿಲ್ಲ.