ಸೇಂಟ್ ಲೂಸಿಯಾ ರಸ್ತೆಯ ಸ್ಲೆಂಗ್ ಟೆಂಗ್

ಜಮೈಕಾದ ಕಿಂಗ್‌ಸ್ಟನ್ ನಗರದ ವಾಟರ್‌ಹೌಸ್ ಸಿರಿವಂತರ ಬಡಾವಣೆಯಲ್ಲ. ಎಲ್ಲಿ ನೋಡಿದರೂ ತಗಡಿನ ಬೇಲಿ, ಒತ್ತೊತ್ತಾದ ಪುಟ್ಟ ಮನೆಗಳು, ನೆತ್ತಿ ಸುಡುವ ಬಿಸಿಲು. ಇಲ್ಲಿನ ಡ್ರಾಮಿಲಿ ಅವೆನ್ಯೂದಲ್ಲಿ ಕಿಂಗ್ ಟಬ್ಬಿ ಡಬ್ ಸಂಗೀತಕ್ಕೆ ರೂಪ ಕೊಟ್ಟರು. ಅವರ ಬಳಿ ಪಳಗಿದ ಲಾಯ್ಡ್ ಜೇಮ್ಸ್, ಊರಿಗೆಲ್ಲ ಜಾಮಿ, ಸೇಂಟ್ ಲೂಸಿಯಾ ರಸ್ತೆಯ ತಮ್ಮ ಮನೆಯಲ್ಲೇ ಸ್ಟುಡಿಯೊ ಮಾಡಿಕೊಂಡರು. ಆ ರಸ್ತೆಗೆ ಕಾಲಿಟ್ಟೊಡನೆ ನನ್ನ ನಡಿಗೆ ತಾನಾಗಿ ನಿಧಾನವಾಯಿತು. ಒಂದು ದೇಶದ ಸಂಗೀತದ ದಾರಿಯೇ ತಿರುಗಿದ್ದು ಇಷ್ಟು ಚಿಕ್ಕ ಜಾಗದಲ್ಲಿ!

ಬೇಸ್ ಮತ್ತು ಡ್ರಮ್ ಕೂಡಿದ ಹಿನ್ನೆಲೆಗೆ ಜಮೈಕಾದವರು ರಿಡಿಮ್ ಎನ್ನುತ್ತಾರೆ. ಒಂದೇ ಮಟ್ಟಿಗೆ ಹತ್ತಾರು ಪದ ಕಟ್ಟಿದಂತೆ, ಒಂದು ರಿಡಿಮ್ ಮೇಲೆ ಎಷ್ಟೋ ಗಾಯಕರು ತಂತಮ್ಮ ಹಾಡು ಕಟ್ಟುತ್ತಾರೆ. ನೋಯೆಲ್ ಡೇವಿ ಎಂಬ ಯುವಕನ ಬಳಿ ಕ್ಯಾಸಿಯೊ ಎಂಟಿ-40 ಎಂಬ ಪುಟ್ಟ ಕೀಬೋರ್ಡ್ ಇತ್ತು. ಅದರಲ್ಲಿ ಮೊದಲೇ ತುಂಬಿಟ್ಟಿದ್ದ ‘ರಾಕ್’ ಲಯವೊಂದು ಅವನಿಗೂ ಗಾಯಕ ವೇಯ್ನ್ ಸ್ಮಿತ್‌ಗೂ ಹಿಡಿಸಿತು. ಅದನ್ನು ಜಾಮಿ ಬಳಿ ತಂದಾಗ ಅವರು ಅದರ ವೇಗ ತಗ್ಗಿಸಿದರು. ಓಡುತ್ತಿದ್ದ ಲಯಕ್ಕೆ ಗತ್ತು ಬಂತು. ‘ಅಂಡರ್ ಮಿ ಸ್ಲೆಂಗ್ ಟೆಂಗ್’ ಹಾಡು ಹುಟ್ಟಿತು.

ಅಲ್ಲಿಂದ ವಾಲ್ಥಮ್ ಪಾರ್ಕ್ ರಸ್ತೆಗೆ ಹೋದೆ. 1985ರ ಫೆಬ್ರವರಿ 23ರಂದು ಜಾಮಿ ಮತ್ತು ಬ್ಲ್ಯಾಕ್ ಸ್ಕಾರ್ಪಿಯೊ ಸೌಂಡ್ ಸಿಸ್ಟಮ್‌ಗಳು, ಅಂದರೆ ದೊಡ್ಡ ಸ್ಪೀಕರ್‌ಗಳಲ್ಲಿ ಹಾಡು ಮೊಳಗಿಸುವ ತಂಡಗಳು, ಸ್ಪರ್ಧೆಗೆ ಎದುರುಬದುರು ನಿಂತದ್ದು ಈ ರಸ್ತೆಯಲ್ಲಿ. ಆ ರಾತ್ರಿ ಆಳೆತ್ತರದ ಸ್ಪೀಕರ್‌ಗಳಿಂದ ಸ್ಲೆಂಗ್ ಟೆಂಗ್ ಗುಡುಗಿತು. ಬೇಸ್ ಗಿಟಾರಿಲ್ಲ, ಡ್ರಮ್ ಬಾರಿಸುವವನಿಲ್ಲ, ಆದರೂ ಎದೆ ನಡುಗಿಸುವ ನಾದ! ಆಮೇಲೆ ಸ್ಟುಡಿಯೊಗಳೆಲ್ಲ ಯಂತ್ರದ ಲಯಕ್ಕೆ ಹೊರಳಿದವು. ಅದೇ ರಿಡಿಮ್ ಮೇಲೆ ಟೆನರ್ ಸಾ ‘ಪಂಪ್ಕಿನ್ ಬೆಲಿ’ ಹಾಡಿದ, ಜಾನಿ ಓಸ್ಬರ್ನ್ ‘ಬಡಿ ಬೈ’ ಹಾಡಿದ. ಒಬ್ಬನ ಕಂಠದಲ್ಲಿ ಅಳಲಿನ ಎಳೆ, ಇನ್ನೊಬ್ಬನಲ್ಲಿ ಕುಣಿಸುವ ಹುಮ್ಮಸ್ಸು. ಕೆಳಗೆ ಹರಿಯುವ ಬೇಸ್ ಮಾತ್ರ ಒಂದೇ. ಹೀಗೆ ಹಾಡುಗಳು ನೂರಾರಾದವು.

ಇನ್ನೂ ದೊಡ್ಡ ಬೆರಗು ಜಪಾನಿನಲ್ಲಿದೆ. ಆ ‘ರಾಕ್’ ಲಯ ರೂಪಿಸಿದವರು ಓಕುಡಾ ಹಿರೋಕೊ. 1980ರಲ್ಲಿ ಕ್ಯಾಸಿಯೊ ಸೇರುವ ಮೊದಲು, ಸಂಗೀತ ಕಾಲೇಜಿನಲ್ಲಿ ಅವರು ಪ್ರಬಂಧ ಬರೆದದ್ದು ಜಮೈಕಾದ ರೆಗ್ಗೆ ಸಂಗೀತ ಕುರಿತು! ಜಮೈಕಾದ ನಾದಕ್ಕೆ ಮನಸೋತ ಹುಡುಗಿ ಕಟ್ಟಿದ ಲಯವನ್ನು, ಅವಳ ಹೆಸರೂ ತಿಳಿಯದ ಜಮೈಕಾದ ಹುಡುಗರು ಕೇಳಿದ ಕೂಡಲೇ ತಮ್ಮದೆಂದು ಗುರುತಿಸಿದರು. ಆಮೇಲೆ ಅದನ್ನು ಯಾರೊಬ್ಬರದೂ ಆಗಲು ಬಿಡಲಿಲ್ಲ, ದನಿಯಿದ್ದವರಿಗೆಲ್ಲ ಹಂಚಿದರು. ಕಾಸಿಲ್ಲದ ಕೇರಿಯೊಂದು ಲೋಕಕ್ಕೆ ಕಲಿಸಿದ ಔದಾರ್ಯ ಇದು.